ಕ್ಯಾಂಟನೀಸ್ ಪ್ರಶಂಸಾ ನುಡಿಗಟ್ಟುಗಳು

ಕ್ಯಾಂಟನೀಸ್ ಪ್ರಶಂಸಾ ನುಡಿಗಟ್ಟುಗಳೆಂದರೆ ವ್ಯಕ್ತಿಯ ಗುಣ, ವಿದ್ಯೆ, ವೃತ್ತಿಕೌಶಲ, ರೂಪ ಇಲ್ಲವೆ ಸಾಧನೆಯನ್ನು ಔಪಚಾರಿಕ ಸಂದರ್ಭಗಳಲ್ಲಿ ಹೊಗಳಲು ಕ್ಯಾಂಟನೀಸ್ ಭಾಷಿಕರು ಬಳಸುವ ಸ್ಥಿರ ಪದಗುಚ್ಛಗಳು. ಇವು ಬಹುಮಟ್ಟಿಗೆ ನಾಲ್ಕು ಅಕ್ಷರಗಳವು. ಹೆಚ್ಚಿನವು ಪ್ರಾಚೀನ ಚೀನೀ ಗ್ರಂಥಗಳಿಂದ ಬಂದವು. ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಮತ್ತು ಗ್ವಾಂಗ್‌ಶಿ ಪ್ರದೇಶಗಳು, ಹಾಂಗ್‌ಕಾಂಗ್, ಮಕಾವ್, ಮತ್ತು ಅಲ್ಲಿಂದ ಆಗ್ನೇಯ ಏಷ್ಯಾ, ಉತ್ತರ ಅಮೆರಿಕ, ಆಸ್ಟ್ರೇಲಿಯಾ, ಬ್ರಿಟನ್‌ಗಳಿಗೆ ವಲಸೆ ಹೋದ ಸಮುದಾಯಗಳು ಇವುಗಳ ಬಳಕೆಯ ನೆಲೆ. ಇದೇ ಅಕ್ಷರಗಳು ಮ್ಯಾಂಡರಿನ್‌ನಲ್ಲಿಯೂ ಬಳಕೆಯಲ್ಲಿವೆ. ಕ್ಯಾಂಟನೀಸಿನ ವೈಶಿಷ್ಟ್ಯವಿರುವುದು ಅವನ್ನು ಓದುವ ಉಚ್ಚಾರದಲ್ಲಿ, ಆಡುಮಾತಿನಿಂದ ಅವು ಕಾಯ್ದುಕೊಂಡಿರುವ ದೂರದಲ್ಲಿ, ಮತ್ತು ಯಾವ ನುಡಿಗಟ್ಟು ಯಾರಿಗೆ ಸಲ್ಲುತ್ತದೆ ಎಂಬ ಸಾಮಾಜಿಕ ಕಟ್ಟಳೆಯಲ್ಲಿ.

ಹೆಸರು ಮತ್ತು ಲಿಪ್ಯಂತರ

ನುಡಿಗಟ್ಟಿಗೆ ಕ್ಯಾಂಟನೀಸಿನಲ್ಲಿ 'ಸಿಙ್4-ಯೂ5' ಎಂದು ಹೆಸರು. ಹೊಗಳಿಕೆಯ ಭಾವವುಳ್ಳದ್ದು 'ಪೋವ್1-ಯೀ6', ತೆಗಳಿಕೆಯ ಭಾವವುಳ್ಳದ್ದು 'ಪೀನ್2-ಯೀ6'. ಶಾಲಾ ಪಠ್ಯಗಳೂ ನಿಘಂಟುಗಳೂ ನುಡಿಗಟ್ಟುಗಳನ್ನು ಈ ಎರಡು ಗುರುತುಗಳಿಂದ ಬೇರ್ಪಡಿಸುತ್ತವೆ. ಇವೆರಡರ ನಡುವೆ ತಟಸ್ಥವಾದವುಗಳ ವರ್ಗವೂ ಇದೆ.

ಈ ಲೇಖನದಲ್ಲಿ ಉಚ್ಚಾರವನ್ನು ಹೀಗೆ ಬರೆಯಲಾಗಿದೆ: ಕ, ಚ, ತ, ಪ ಅಲ್ಪಪ್ರಾಣಗಳು, ಖ, ಛ, ಥ, ಫ ಮಹಾಪ್ರಾಣಗಳು, 'ಫ಼' ದಂತೋಷ್ಠ್ಯ ಧ್ವನಿ. ಕ್ಯಾಂಟನೀಸಿನಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದದಿಂದ ಅರ್ಥ ಬದಲಾಗುತ್ತದೆ. 'ಅ' ಮತ್ತು 'ಆ'ಗಳ ಭೇದವೂ ಹಾಗೆಯೇ. ಈ ಎರಡು ಭೇದಗಳನ್ನೂ ಕನ್ನಡ ಲಿಪಿ ನೇರವಾಗಿ ತೋರಿಸಬಲ್ಲದು. ತುಟಿ ದುಂಡಗಾಗಿಸಿ ನಾಲಗೆಯನ್ನು ಮುಂದೆ ತಂದು ಹೇಳುವ ಸ್ವರಗಳಿಗೆ ಮಾತ್ರ ಕನ್ನಡದಲ್ಲಿ ಅಕ್ಷರವಿಲ್ಲ. ಅವನ್ನು ಹ್ರಸ್ವ 'ಒ' ಮತ್ತು 'ಯೂ'ಗಳಿಂದ ಸೂಚಿಸಲಾಗಿದೆ. ಪ್ರತಿ ಅಕ್ಷರದ ಮುಂದಿನ ಅಂಕಿ ಶ್ರುತಿಯನ್ನು, ಎಂದರೆ ದನಿಯ ಮಟ್ಟವನ್ನು ತಿಳಿಸುತ್ತದೆ: 1 ಎತ್ತರದ ಸಮದನಿ, 2 ಎತ್ತರಕ್ಕೇರುವ ದನಿ, 3 ನಡುಮಟ್ಟದ ಸಮದನಿ, 4 ಕೆಳಗಿಳಿಯುವ ದನಿ, 5 ತಗ್ಗಿನಿಂದ ಏರುವ ದನಿ, 6 ತಗ್ಗಿನ ಸಮದನಿ. ಈ ಅಂಕಿಗಳು ಹಾಂಗ್‌ಕಾಂಗ್ ಭಾಷಾವಿಜ್ಞಾನ ಸಂಘ 1993ರಲ್ಲಿ ರೂಪಿಸಿದ ಯುತ್‌ಪಿಂಗ್ ಪದ್ಧತಿಯವು. ವ್ಯಕ್ತಿಗಳ ಮತ್ತು ಗ್ರಂಥಗಳ ಹೆಸರುಗಳನ್ನು ಕನ್ನಡ ಓದುಗರಿಗೆ ಪರಿಚಿತವಾದ ರೂಪದಲ್ಲಿ ಇಲ್ಲವೆ ಮ್ಯಾಂಡರಿನ್ ರೂಪದಲ್ಲಿ ಉಳಿಸಿಕೊಳ್ಳಲಾಗಿದೆ.

ಮೂಲ

ಪ್ರಶಂಸಾ ನುಡಿಗಟ್ಟುಗಳ ಬಹುದೊಡ್ಡ ಆಕರ ಹಾನ್ ಕಾಲಕ್ಕೆ ಮುಂಚಿನ ದಾರ್ಶನಿಕ ಗ್ರಂಥಗಳು ಮತ್ತು ಆಮೇಲಿನ ಇತಿಹಾಸ ಗ್ರಂಥಗಳು. ಕ್ರಿ.ಪೂ. 3ನೆಯ ಶತಮಾನದ ಶ್ಯುನ್‌ಜಿಯ ಗ್ರಂಥ ವಿದ್ಯಾಭ್ಯಾಸವನ್ನು ಕುರಿತ ಅಧ್ಯಾಯದೊಂದಿಗೆ ಆರಂಭವಾಗುತ್ತದೆ. ನೀಲಿಗಿಡದಿಂದ ತೆಗೆದ ಬಣ್ಣ ಗಿಡಕ್ಕಿಂತಲೂ ಗಾಢವಾಗಿರುತ್ತದೆ ಎಂಬ ಅಲ್ಲಿನ ಮಾತಿನಿಂದ 'ಛಿಙ್1-ಛೊತ್1-ಯೂ1-ಲಾಮ್4' (ನೀಲಿ ಹೊಮ್ಮಿದ್ದು ನೀಲಿಗಿಡದಿಂದ) ಬಂದಿದೆ. ಗುರುವನ್ನು ಮೀರಿಸಿದ ಶಿಷ್ಯನಿಗೆ ಸಲ್ಲುವ ಹೊಗಳಿಕೆ ಇದು. ಮೆನ್ಸಿಯಸ್‌ನ ಗ್ರಂಥದಲ್ಲಿ ಕನ್‌ಫ್ಯೂಷಿಯಸ್‌ನನ್ನು ಕುರಿತು ಶಿಷ್ಯನೊಬ್ಬ ಆಡುವ ಮಾತು 'ಛೊತ್1-ಲೊಯ್6-ಪತ್6-ಸೊಯ್6' (ತನ್ನ ವರ್ಗದಿಂದ ಮೇಲೆದ್ದು, ಗುಂಪಿನಿಂದ ಹೊರಚಾಚಿದವ) ಎಂಬುದಾಯಿತು. ಲಾವೋತ್ಸೆಯ ಗ್ರಂಥದ 15ನೆಯ ಅಧ್ಯಾಯ ಜ್ಞಾನಿಯ ಮನಸ್ಸನ್ನು ಕಣಿವೆಗೆ ಹೋಲಿಸುತ್ತದೆ. ದೊಡ್ಡ ಸ್ಥಾನದಲ್ಲಿದ್ದೂ ಇತರರ ಮಾತಿಗೆ ಕಿವಿಗೊಡುವವರನ್ನು ಹೊಗಳುವ 'ಹೊಯ್1-ವಾಯ್4-ಯೊಕ್6-ಕುಕ್1' (ಕಣಿವೆಯಂತೆ ತೆರೆದ ಎದೆ) ಅದರಿಂದ ಹುಟ್ಟಿತು.

ಇತಿಹಾಸಕಾರ ಸೀಮಾ ಚಿಯಾನ್‌ನ 'ಶಿಜಿ' ಎರಡನೆಯ ದೊಡ್ಡ ಆಕರ. ಚಿ ಬು ಎಂಬಾತ ಒಮ್ಮೆ ಮಾತು ಕೊಟ್ಟರೆ ಅದು ನೂರು ತೂಕದ ಚಿನ್ನಕ್ಕಿಂತ ಹೆಚ್ಚು ಎಂದು ಚು ನಾಡಿನ ಜನ ಹೇಳುತ್ತಿದ್ದರೆಂದು ಅದು ದಾಖಲಿಸುತ್ತದೆ. ನುಡಿಗಟ್ಟಿನಲ್ಲಿ ನೂರು ಸಾವಿರವಾಗಿ 'ಯತ್1-ನೋಕ್6-ಛೀನ್1-ಕಮ್1' (ಒಂದು ವಚನ, ಸಾವಿರ ಚಿನ್ನ) ಆಯಿತು. ಸೇತುವೆಯಿಂದ ಕೆಳಗೆ ಬಿದ್ದ ಮುದುಕನ ಪಾದರಕ್ಷೆಯನ್ನು ಎತ್ತಿ ತಂದು ತೊಡಿಸಿದ ತರುಣ ಚಾಂಗ್ ಲಿಯಾಂಗನ ಕಥೆಯೂ ಅಲ್ಲಿಯದೇ. ಮುದುಕ ಅವನ ಬಗ್ಗೆ ಆಡಿದ ಮಾತು 'ಯೂ4-ಚೀ2-ಹೋ2-ಕಾವ್3' (ಈ ಹುಡುಗನಿಗೆ ಕಲಿಸಬಹುದು) ಎಂದು ಉಳಿದುಕೊಂಡಿದೆ.

5ನೆಯ ಶತಮಾನದಲ್ಲಿ ಲಿಯು ಯಿಚಿಂಗ್ (403–444) ಹೆಸರಿನಲ್ಲಿ ಸಂಕಲಿತವಾದ 'ಶಿಶುವೊ ಶಿನ್‌ಯು' ವ್ಯಕ್ತಿಗಳ ರೂಪ, ನಡೆ, ಚುರುಕು ಮಾತುಗಳನ್ನು ತೂಗಿ ನೋಡುವ ಗ್ರಂಥ. ಆದ್ದರಿಂದ ಪ್ರಶಂಸೆಯ ನುಡಿಗೆ ಅದು ಸಹಜ ಗಣಿ. ಜನಜಂಗುಳಿಯ ನಡುವೆ ಚಿ ಶಾವೊ ಕೋಳಿಗಳ ನಡುವಿನ ಕೊಕ್ಕರೆಯಂತೆ ಎದ್ದು ಕಾಣುತ್ತಾನೆಂದು ಒಬ್ಬನು ವಾಂಗ್ ರೊಂಗ್‌ಗೆ ಹೇಳಿದ. ನೀನು ಅವನ ತಂದೆಯನ್ನು ನೋಡಿಲ್ಲ ಎಂದು ವಾಂಗ್ ರೊಂಗ್ ಉತ್ತರಿಸಿದ. ಆ ತಂದೆ, ಕವಿಯೂ ಸಂಗೀತಗಾರನೂ ಆಗಿದ್ದ ಚಿ ಕಾಂಗ್. 'ಹೋಕ್6-ಲಾಪ್6-ಕಯ್1-ಖ್ವನ್4' (ಕೋಳಿಹಿಂಡಿನಲ್ಲಿ ನಿಂತ ಕೊಕ್ಕರೆ) ಹುಟ್ಟಿದ್ದು ಹೀಗೆ.

ಕಾವ್ಯದಿಂದ ಬಂದವೂ ಇವೆ. ಮದುವೆಯ ಜೋಡಿಗೆ ಹೇಳುವ 'ಥೀನ್1-ಚೋಕ್3-ಚೀ1-ಹಪ್6' (ದೈವ ಕೂಡಿಸಿದ ಜೋಡಿ) ಪ್ರಾಚೀನ ಗೀತಸಂಗ್ರಹ 'ಶಿಜಿಂಗ್'ನದು. ಸುಂದರ ತರುಣನಿಗೆ ಸಲ್ಲುವ 'ಯುಕ್6-ಸ್ಯೂ6-ಲಮ್4-ಫ಼ುಙ್1' (ಗಾಳಿಗೆ ಎದುರಾಗಿ ನಿಂತ ಪಚ್ಚೆಯ ಮರ), ಎಂಟು ಮಂದಿ ಪಾನಪ್ರಿಯರನ್ನು ಕುರಿತ ತು ಫುವಿನ ಕವನದಿಂದ ಬಂದಿದೆ.

ಮೂಲದ ಅರ್ಥ ಹಾಗೆಯೇ ಉಳಿದಿರಬೇಕೆಂಬ ನಿಯಮವೇನೂ ಇಲ್ಲ. ಹೆಣ್ಣಿನ ಚೆಲುವನ್ನು ಹೊಗಳುವ 'ಛಮ್4-ಯೂ4-ಲೋಕ್6-ಙಾನ್6' (ಮೀನು ಮುಳುಗಿತು, ಹೆಬ್ಬಾತು ಕೆಳಗಿಳಿಯಿತು) ಚುವಾಂಗ್‌ತ್ಸೆಯ ಗ್ರಂಥಕ್ಕೆ ಹಿಂದಿರುಗುತ್ತದೆ. ಅಲ್ಲಿನ ವಾದವೇ ಬೇರೆ: ಮನುಷ್ಯರು ಸುಂದರಿಯರೆಂದು ಮೆಚ್ಚುವ ಹೆಂಗಸರನ್ನು ಕಂಡು ಮೀನು ಆಳಕ್ಕಿಳಿಯುತ್ತದೆ, ಹಕ್ಕಿ ಹಾರಿಹೋಗುತ್ತದೆ, ಜಿಂಕೆ ಓಡುತ್ತದೆ; ಹಾಗಾಗಿ ಎಲ್ಲ ಜೀವಿಗಳಿಗೂ ಒಪ್ಪುವ ಸೌಂದರ್ಯದ ಅಳತೆಗೋಲಿಲ್ಲ. ಮುಂದಿನ ಸಾಹಿತ್ಯ ಇದನ್ನು ತಿರುಗಿಸಿ, ಚೆಲುವಿಗೆ ನಾಚಿ ಮೀನು ಮುಳುಗಿತೆಂಬ ಅರ್ಥ ಕೊಟ್ಟಿತು.

ರಚನೆ

ನಾಲ್ಕು ಅಕ್ಷರಗಳು ಸಾಮಾನ್ಯವಾಗಿ ಎರಡೆರಡಾಗಿ ನಿಲ್ಲುತ್ತವೆ. 'ತಕ್1-ಕೋವ್1-ಮೋಙ್6-ಚುಙ್6' ಎಂಬಲ್ಲಿ ಗುಣ ಎತ್ತರ, ಗೌರವ ಭಾರ ಎಂದು ಎರಡು ಪುಟ್ಟ ವಾಕ್ಯಗಳು ಸರಿಜೋಡಿಯಾಗಿವೆ. 'ಸವ್3-ಙೋಯ್6-ವಯ್6-ಚುಙ್1' (ಹೊರಗೆ ಚೆಲುವು, ಒಳಗೆ ಅರಿವು) ಇದೇ ಬಗೆಯದು. 'ಯೂನ್4-ವೂ4-ಚಯ್3-ಸಯ್3' (ಸೋರೆಬುರುಡೆ ತೂಗುಹಾಕಿ ಲೋಕವನ್ನು ಕಾಪಾಡು) ಎಂಬುದು ಎರಡು ಕ್ರಿಯೆ ಮತ್ತು ಎರಡು ಕರ್ಮಗಳಿಂದ ಆಗಿದೆ. ಕೊಕ್ಕರೆಯ ನುಡಿಗಟ್ಟು ಒಂದೇ ವಾಕ್ಯ. ನಾಲ್ಕಕ್ಕಿಂತ ಹೆಚ್ಚು ಅಕ್ಷರಗಳವು ಕಡಿಮೆ. ಗಂಡಸರಿಗೆ ಸೋಲದ ಹೆಣ್ಣನ್ನು ಹೊಗಳುವ 'ಕನ್1-ಕ್ವೋಕ್3-ಪತ್1-ಯೊಙ್6-ಸೋವ್1-ಮೆಯ್4' (ಶಿರೋವಸ್ತ್ರ ಮೀಸೆಹುಬ್ಬಿಗೆ ಮಣಿಯದು) ಆರು ಅಕ್ಷರಗಳದು.

ಅಕ್ಷರಗಳ ಕ್ರಮವನ್ನು ಬದಲಿಸುವಂತಿಲ್ಲ. ಆಡುಮಾತಿನ ಸಮಾನಪದವನ್ನು ಒಳಗೆ ತರುವಂತೆಯೂ ಇಲ್ಲ. ಕ್ಯಾಂಟನೀಸಿನಲ್ಲಿ ಈ ಎರಡನೆಯ ನಿಯಮದ ತೂಕ ಹೆಚ್ಚು, ಏಕೆಂದರೆ ಅದರ ಆಡುಮಾತು ಬರಹದ ಭಾಷೆಯಿಂದ ಬಹಳ ದೂರ ಸರಿದಿದೆ. ದಿನನಿತ್ಯದ ಮಾತಿನಲ್ಲಿ ನಿಷೇಧಕ್ಕೆ 'ಮ್4', ಇಲ್ಲ ಎನ್ನುವುದಕ್ಕೆ 'ಮೋವ್5', ಷಷ್ಠಿಗೆ 'ಕೇ3'. ನುಡಿಗಟ್ಟುಗಳಲ್ಲಿ ಇವುಗಳ ಜಾಗದಲ್ಲಿ ಕ್ರಮವಾಗಿ 'ಪತ್1', 'ಮೋವ್4', 'ಚೀ1' ಬರುತ್ತವೆ. ಕಲಿಸುವುದರಲ್ಲಿ ದಣಿಯದವರನ್ನು ಹೊಗಳುವ 'ಫ಼ೂಯ್3-ಯನ್4-ಪತ್1-ಕ್ಯೂನ್6', ಸ್ವಾರ್ಥವಿಲ್ಲದವರನ್ನು ಹೊಗಳುವ 'ತಾಯ್6-ಕುಙ್1-ಮೋವ್4-ಸೀ1' ಇದಕ್ಕೆ ನಿದರ್ಶನ.

ಧ್ವನಿಯ ಕಟ್ಟಿಗೂ ಒಂದು ಲಯವಿದೆ. ಹಳೆಯ ಛಂದಸ್ಸು ಅಕ್ಷರಗಳನ್ನು ಸಮದನಿ, ಓರೆದನಿ ಎಂದು ಎರಡಾಗಿ ವಿಂಗಡಿಸುತ್ತದೆ. ಛಂದಸ್ಸಿನ ಈ ಅರ್ಥದಲ್ಲಿ (ಮೇಲಿನ ಶ್ರುತಿಪಟ್ಟಿಯ 'ಸಮದನಿ'ಯಿಂದ ಇದು ಬೇರೆ) ಕ್ಯಾಂಟನೀಸಿನಲ್ಲಿ 1 ಮತ್ತು 4ನೆಯ ಶ್ರುತಿಗಳು ಸಮದನಿಗಳು. ಮಿಕ್ಕವೂ, ಪ್, ತ್, ಕ್‌ಗಳಲ್ಲಿ ಮುಗಿಯುವ ಎಲ್ಲ ಅಕ್ಷರಗಳೂ ಓರೆದನಿಗಳು. ಕೊಕ್ಕರೆಯ ನುಡಿಗಟ್ಟು ಓರೆ–ಓರೆ–ಸಮ–ಸಮ ಎಂದೂ, ಕಣಿವೆಯ ನುಡಿಗಟ್ಟು ಸಮ–ಸಮ–ಓರೆ–ಓರೆ ಎಂದೂ ನಡೆಯುತ್ತವೆ. ಮ್ಯಾಂಡರಿನ್ ಈ ಕೊನೆಯ ಸ್ಪರ್ಶ ವ್ಯಂಜನಗಳನ್ನು ಕಳೆದುಕೊಂಡಿದೆ. ಹಾಗಾಗಿ ಕವಿಗಳು ಮೂಲದಲ್ಲಿ ಕೇಳಿದ ಲಯ ಕ್ಯಾಂಟನೀಸ್ ಓದಿನಲ್ಲಿ ಹೆಚ್ಚು ಸ್ಪಷ್ಟವಾಗಿ ಉಳಿದಿದೆ.

ಓದಿನ ಉಚ್ಚಾರ

ಅನೇಕ ಅಕ್ಷರಗಳಿಗೆ ಕ್ಯಾಂಟನೀಸಿನಲ್ಲಿ ಎರಡು ಉಚ್ಚಾರಗಳಿವೆ: ಒಂದು ಓದಿನದು, ಇನ್ನೊಂದು ಆಡುಮಾತಿನದು. ನುಡಿಗಟ್ಟುಗಳಿಗೆ ಸಲ್ಲುವುದು ಓದಿನ ಉಚ್ಚಾರ. ಭಾರ ಎಂಬರ್ಥದ ಅಕ್ಷರವನ್ನು ಮಾತಿನಲ್ಲಿ 'ಛುಙ್5' ಎನ್ನುತ್ತಾರೆ. 'ತಕ್1-ಕೋವ್1-ಮೋಙ್6-ಚುಙ್6'ನಲ್ಲಿ ಅದು 'ಚುಙ್6'. ಮಾತಿನಲ್ಲಿ ಎಳೆಯ ಪ್ರಾಯದವರು 'ಹವ್6-ಸಾಙ್1'. ಕಿರಿಯರು ಮುಂದೆ ಇಂದಿನವರನ್ನು ಮೀರಿಸಬಲ್ಲರೆಂಬ ಕನ್‌ಫ್ಯೂಷಿಯಸ್‌ನ ಮಾತಿನಿಂದ ಬಂದ 'ಹವ್6-ಸಙ್1-ಹೋ2-ವಯ್3' ಎಂಬಲ್ಲಿ ಅದೇ ಅಕ್ಷರಕ್ಕೆ ಹ್ರಸ್ವ. ಒಳ್ಳೆಯದು ಎಂಬರ್ಥದ 'ಹೋವ್2', ಇಷ್ಟಪಡು ಎಂಬರ್ಥದಲ್ಲಿ 'ಹೋವ್3' ಆಗುತ್ತದೆ. ದಾನಿಗಳನ್ನು ಹೊಗಳುವ 'ಲೋಕ್6-ಸೀನ್6-ಹೋವ್3-ಸೀ1' (ಒಳಿತಿನಲ್ಲಿ ಸಂತೋಷ, ಕೊಡುವುದರಲ್ಲಿ ಪ್ರೀತಿ) ಎಂಬುದನ್ನು 2ನೆಯ ಶ್ರುತಿಯಲ್ಲಿ ಓದಿದರೆ ಕೇಳುವವರಿಗೆ ತಪ್ಪು ತಕ್ಷಣ ಗೊತ್ತಾಗುತ್ತದೆ. ಬಂಡಿಯನ್ನು ಮಾತಿನಲ್ಲಿ 'ಛೇ1' ಎನ್ನುವರಾದರೂ 'ಹೋಕ್6-ಫ಼ೂ3-ಙ್5-ಕೊಯ್1' (ಐದು ಬಂಡಿಯಷ್ಟು ವಿದ್ಯೆ) ಎಂಬಲ್ಲಿ 'ಕೊಯ್1' ಎಂಬ ಹಳೆಯ ಓದನ್ನು ಉಳಿಸಿಕೊಳ್ಳುವ ಪರಿಪಾಠವಿದೆ.

20ನೆಯ ಶತಮಾನದ ಉತ್ತರಾರ್ಧದಿಂದ ಹಾಂಗ್‌ಕಾಂಗ್ ಮಾತಿನಲ್ಲಿ ಕೆಲವು ಧ್ವನಿಗಳು ಸವೆಯುತ್ತಿವೆ: ಪದಾದಿಯ 'ನ' 'ಲ' ಆಗುತ್ತದೆ, 'ಙ' ಬಿದ್ದುಹೋಗುತ್ತದೆ, 'ಕ್ವೋ' 'ಕೋ' ಆಗುತ್ತದೆ. ಇವನ್ನು 'ಲಾನ್5-ಯಮ್1' (ಸೋಮಾರಿ ಉಚ್ಚಾರ) ಎನ್ನುತ್ತಾರೆ. ಹಾಂಗ್‌ಕಾಂಗ್ ಚೀನೀ ವಿಶ್ವವಿದ್ಯಾಲಯದ ವಿದ್ವಾಂಸ ಹೊ ಮನ್‌ವುಯಿ ಶುದ್ಧೋಚ್ಚಾರದ ಪರವಾಗಿ ದೀರ್ಘಕಾಲ ಪ್ರಚಾರ ನಡೆಸಿದರು. ಸಭೆಯಲ್ಲಿ ಓದುವ ನುಡಿಗಟ್ಟುಗಳಲ್ಲಿ ಈ ಸವಕಲು ಎದ್ದು ಕೇಳುವುದರಿಂದ, ವಾರ್ತಾವಾಚಕರಿಗೂ ಭಾಷಣ ಸ್ಪರ್ಧೆಯ ವಿದ್ಯಾರ್ಥಿಗಳಿಗೂ 'ಙಾನ್6' ಅನ್ನು 'ಆನ್6' ಎನ್ನದಂತೆ ತರಬೇತಿ ಕೊಡುತ್ತಾರೆ.

ಬಗೆಗಳು

ಪ್ರಶಂಸಾ ನುಡಿಗಟ್ಟುಗಳನ್ನು ವಿಂಗಡಿಸುವಾಗ ಹೊಗಳುವ ಗುಣಕ್ಕಿಂತ ಹೊಗಳಿಸಿಕೊಳ್ಳುವ ವ್ಯಕ್ತಿಯನ್ನು ಆಧಾರವಾಗಿಟ್ಟುಕೊಳ್ಳುವುದು ಹೆಚ್ಚು ಉಪಯುಕ್ತ. ಬಳಸುವವರು ಮೊದಲು ಕೇಳಿಕೊಳ್ಳುವುದು ಎದುರಿನವರ ವಯಸ್ಸು, ಸ್ಥಾನ ಮತ್ತು ವೃತ್ತಿಯನ್ನೇ.

ಹಿರಿಯರಿಗೆ: 'ತಕ್1-ಕೋವ್1-ಮೋಙ್6-ಚುಙ್6' ವಯಸ್ಸು ಮತ್ತು ಸಾರ್ವಜನಿಕ ಗೌರವ ಎರಡೂ ಇರುವವರಿಗೆ ಮೀಸಲು. ಎಷ್ಟೇ ಗುಣವಂತನಾದರೂ ತರುಣನಿಗೆ ಇದು ಸಲ್ಲದು. ಇಳಿವಯಸ್ಸಿನಲ್ಲಿ ಕುಗ್ಗದ ಉತ್ಸಾಹಕ್ಕೆ 'ಲೋವ್5-ತೋಙ್1-ಯಿಕ್1-ಚೋಙ್3' (ಮುಪ್ಪಿನಲ್ಲಿ ಇನ್ನಷ್ಟು ಗಟ್ಟಿ). ಈ ಮಾತು ಹಾನ್ ಸೇನಾಪತಿ ಮಾ ಯುವಾನ್‌ನದೆಂದು (ಕ್ರಿ.ಪೂ. 14–ಕ್ರಿ.ಶ. 49) ದಾಖಲಾಗಿದೆ.

ಕಿರಿಯರಿಗೆ: ಮೇಲೆ ಹೇಳಿದ 'ಯೂ4-ಚೀ2-ಹೋ2-ಕಾವ್3' ಹಾಗೂ 'ಹವ್6-ಸಙ್1-ಹೋ2-ವಯ್3' ಹಿರಿಯರ ಬಾಯಿಂದ ಮಾತ್ರ ಬರತಕ್ಕವು. ಸಮವಯಸ್ಕರು ಆಡಿದರೆ ಹಿರಿತನದ ಹಮ್ಮೆನಿಸುತ್ತದೆ. ಶಾಲೆಯ ಪ್ರಮಾಣಪತ್ರಗಳಲ್ಲಿ 'ಪನ್2-ಹೋಕ್6-ಕೀಮ್1-ಯವ್1' (ನಡತೆ ವಿದ್ಯೆ ಎರಡರಲ್ಲೂ ಉತ್ತಮ) ಎಂಬುದು ನೆಲೆನಿಂತ ಮಾತು. ಪರೀಕ್ಷೆಯಲ್ಲಿ ಮುಂದಿರುವವರಿಗೆ 'ಮಿಙ್4-ಲೀತ್6-ಛೀನ್4-ಮಾವ್4' (ಹೆಸರು ಮುಂಚೂಣಿಯ ಜೊಂಡಿನಲ್ಲಿ); ಪ್ರಾಚೀನ ಸೈನ್ಯದ ಮುಂದಾಳುಗಳು ಸಂಕೇತಕ್ಕೆಂದು ಹಿಡಿಯುತ್ತಿದ್ದ ಜೊಂಡುಹುಲ್ಲು ಇದರ ಹಿನ್ನೆಲೆ.

ವಿದ್ವಾಂಸರಿಗೆ: ಲೋಕದ ಪ್ರತಿಭೆಯೆಲ್ಲ ಹತ್ತು ಅಳತೆಯಾದರೆ ಎಂಟು ಕವಿ ತ್ಸಾವೊ ಚಿಯದು (192–232), ಒಂದು ತನ್ನದು, ಮಿಕ್ಕ ಒಂದು ಉಳಿದವರೆಲ್ಲರದು ಎಂದು ಕವಿ ಶಿಯೆ ಲಿಂಗ್‌ಯುನ್ (385–433) ಹೇಳಿದನೆಂದು ಪ್ರತೀತಿ. ಅದರಿಂದ 'ಛೋಯ್4-ಕೋವ್1-ಪಾತ್3-ತವ್2' (ಎಂಟು ಅಳತೆಯ ಪ್ರತಿಭೆ) ಬಂತು. ಇದನ್ನು ಐದು ಬಂಡಿಯ ವಿದ್ಯೆಯೊಂದಿಗೆ ಜೋಡಿಸಿ ಎಂಟು ಅಕ್ಷರಗಳಾಗಿ ಒಟ್ಟಿಗೆ ಹೇಳುವುದುಂಟು. ಆ ಐದು ಬಂಡಿ ಪುಸ್ತಕಗಳ ಒಡೆಯ, ಚುವಾಂಗ್‌ತ್ಸೆಯ ಸಮಕಾಲೀನನಾದ ತರ್ಕಪಟು ಹುಯಿ ಶಿ.

ವೈದ್ಯರಿಗೆ: ಈ ಗುಂಪು ಇಂದಿಗೂ ಅತ್ಯಂತ ಸಜೀವ. 'ಮೀವ್6-ಸವ್2-ವೂಯ್4-ಛೊನ್1' (ನಿಪುಣ ಕೈ ವಸಂತವನ್ನು ಮರಳಿ ತಂದಿತು) ಗುಣಮುಖನಾದ ರೋಗಿಯ ಕೃತಜ್ಞತೆ. 'ವಾ6-ಥೋ4-ಚೋಯ್3-ಸಯ್3' (ಮತ್ತೆ ಹುಟ್ಟಿಬಂದ ಹುವಾ ಥೊ) ಹಾನ್ ಕಾಲದ ಕೊನೆಯ ಪ್ರಸಿದ್ಧ ವೈದ್ಯನನ್ನು ನೆನೆಯುತ್ತದೆ. ಸೋರೆಬುರುಡೆಯ ನುಡಿಗಟ್ಟಿನ ಕಥೆ 'ಹೌ ಹಾನ್ ಶು' ಎಂಬ ಇತಿಹಾಸದಲ್ಲಿದೆ: ಸಂತೆಯಲ್ಲಿ ಬುರುಡೆ ತೂಗುಹಾಕಿ ಔಷಧ ಮಾರುತ್ತಿದ್ದ ಮುದುಕ, ಸಂತೆ ಮುಗಿದೊಡನೆ ಅದೇ ಬುರುಡೆಯೊಳಗೆ ಜಿಗಿಯುವುದನ್ನು ಸಂತೆಯ ಅಧಿಕಾರಿ ಫೈ ಚಾಂಗ್‌ಫಾಂಗ್ ಕಂಡು ಅವನ ಶಿಷ್ಯನಾದ. 'ಯನ್4-ಸಮ್1-ಯನ್4-ಸೊತ್6' (ಕರುಣೆಯ ಹೃದಯ, ಕರುಣೆಯ ವಿದ್ಯೆ) ಕೌಶಲದ ಜೊತೆಗೆ ನಡತೆಯನ್ನೂ ಹೊಗಳುತ್ತದೆ.

ಅಧ್ಯಾಪಕರಿಗೆ: 'ಥೋವ್4-ಲೆಯ್5-ಮೂನ್5-ಮೂನ್4' (ಬಾಗಿಲ ತುಂಬ ಪೀಚ್ ಮತ್ತು ಪ್ಲಮ್). ಥಾಂಗ್ ಮಂತ್ರಿ ತಿ ರೆನ್‌ಚಿಯೆ ಯೋಗ್ಯರನ್ನು ಹುಡುಕಿ ಪದವಿಗೆ ಶಿಫಾರಸು ಮಾಡುತ್ತಿದ್ದ. ನಾಡಿನ ಪೀಚ್ ಮತ್ತು ಪ್ಲಮ್ ಮರಗಳೆಲ್ಲ ನಿಮ್ಮ ಬಾಗಿಲಲ್ಲೇ ಇವೆ ಎಂದು ಅವನಿಗೆ ಯಾರೋ ಹೇಳಿದರು. ಪೀಚ್ ಮತ್ತು ಪ್ಲಮ್ ಶಿಷ್ಯರಿಗೆ ಹೆಸರಾಗಿ ನಿಂತಿವೆ. 'ಛೊನ್1-ಫ಼ುಙ್1-ಫ಼ಾ3-ಯೂ5' (ವಸಂತದ ಗಾಳಿ, ಹದವಾದ ಮಳೆ) ಒತ್ತಾಯವಿಲ್ಲದೆ ಬೆಳೆಸುವ ಗುರುವಿಗೆ ಸಲ್ಲುತ್ತದೆ.

ಅಧಿಕಾರಿಗಳಿಗೆ ಮತ್ತು ದಾನಿಗಳಿಗೆ: ಲಂಚ ಮುಟ್ಟದವರಿಗೆ 'ಲೊಙ್5-ಚವ್6-ಛಿಙ್1-ಫ಼ುಙ್1' (ಎರಡೂ ತೋಳುಗಳಲ್ಲಿ ತಣ್ಣನೆಯ ಗಾಳಿ ಮಾತ್ರ). ಚೀನೀ ನಿಲುವಂಗಿಯ ಅಗಲ ತೋಳಿನಲ್ಲಿ ಹಣ, ಕಾಣಿಕೆ ಇಟ್ಟುಕೊಳ್ಳುತ್ತಿದ್ದರು. ಈ ನುಡಿಗಟ್ಟಿನೊಂದಿಗೆ ಮಿಂಗ್ ಕಾಲದ ಯು ಚಿಯಾನ್‌ನ (1398–1457) ಹೆಸರು ಜನಮನದಲ್ಲಿ ಬೆಸೆದುಕೊಂಡಿದೆ. ದಾನಿಗಳಿಗೆ ಹಾಂಗ್‌ಕಾಂಗ್‌ನಲ್ಲಿ 'ಸೀನ್6-ಚೊಙ್2-ಯನ್4-ಯುಙ್1' ಎಂಬ ಸಂಬೋಧನೆ ರೂಢಿಯಲ್ಲಿದೆ. 'ಲೋಕ್6-ಸೀನ್6-ಹೋವ್3-ಸೀ1' ಎಂಬ ನಾಲ್ಕು ಅಕ್ಷರಗಳನ್ನು ಕೆತ್ತಿಸಿದ ಸ್ಮಾರಕ ಕಮಾನುಗಳಿಗೆ ಚಿಂಗ್ ದೊರೆಗಳು ದಾನಿಗಳ ಊರುಗಳಲ್ಲಿ ಅನುಮತಿ ಕೊಡುತ್ತಿದ್ದರು.

ಬಳಕೆ

ಇವು ಮಾತಿಗಿಂತ ಬರಹದಲ್ಲಿ, ಖಾಸಗಿ ಸಂಭಾಷಣೆಗಿಂತ ಸಭೆಯಲ್ಲಿ ಹೆಚ್ಚು. ವೈದ್ಯರಿಗೆ ರೋಗಿಗಳು ಕೊಡುವ ರೇಷ್ಮೆಯ ಪತಾಕೆ ('ಕಮ್2-ಖೆಯ್4'), ಸಂಸ್ಥೆಗಳಿಗೆ ಅರ್ಪಿಸುವ ಮರದ ಫಲಕ, ಶಾಲೆ ಬಿಡುವಾಗ ಬರೆಯುವ ನೆನಪಿನ ಪುಸ್ತಕ, ನಿವೃತ್ತಿಯ ಭಾಷಣ, ಮದುವೆಯ ಶುಭಾಶಯ ಇವುಗಳ ಸಹಜ ತಾಣಗಳು. ಗೌರವ ಪಡೆದವರಿಗೂ ಚುನಾಯಿತರಾದವರಿಗೂ ಹಾಂಗ್‌ಕಾಂಗ್‌ನ ಪತ್ರಿಕೆಗಳಲ್ಲಿ ಅಭಿನಂದನಾ ಜಾಹೀರಾತು ಕೊಡುವ ರೂಢಿಯಿದೆ. ಅವುಗಳಲ್ಲಿ 'ಸತ್6-ಚೀ3-ಮಿಙ್4-ಕ್ವಯ್1' (ಯೋಗ್ಯತೆ ಬಂದಲ್ಲಿಗೆ ಹೆಸರೂ ಬಂತು), 'ಚುಙ್3-ಮೋಙ್6-ಸೋ2-ಕ್ವಯ್1' (ಜನರ ಆಶೆ ನೆಲೆಸಿದ ಕಡೆ) ದಪ್ಪಕ್ಷರಗಳಲ್ಲಿ ಕಾಣುತ್ತವೆ.

ಸ್ನೇಹಿತರ ನಡುವಿನ ಹೊಗಳಿಕೆಗೆ ಬೇರೆಯೇ ಪದಗಳಿವೆ: ಜಾಣನಿಗೆ 'ಲೆಕ್1', ಭಾರಿ ಎನ್ನುವುದಕ್ಕೆ 'ಸಯ್1-ಲೆಯ್6', ಚುರುಕಿಗೆ 'ಸಿಙ್2-ಮುಕ್6'. ಇಂಥ ಕಡೆ ನಾಲ್ಕಕ್ಷರದ ನುಡಿಗಟ್ಟನ್ನು ತಂದರೆ ಕೇಳಿದವರು ಅದನ್ನು ಅಣಕವೆಂದು ತಿಳಿಯುವ ಸಂಭವವೇ ಹೆಚ್ಚು.

ಹೊಗಳಿಕೆಗೆ ಉತ್ತರ ಕೊಡುವುದೂ ಈ ಪದ್ಧತಿಯ ಭಾಗ. 'ಕ್ವೋ3-ಚೊಙ್2' (ಹೊಗಳಿಕೆ ಹೆಚ್ಚಾಯಿತು), 'ಪತ್1-ಕಮ್2-ತೋಙ್1' (ನಾನು ಅಷ್ಟಕ್ಕೆ ತಕ್ಕವನಲ್ಲ) ರೂಢಿಯ ಉತ್ತರಗಳು. ತನ್ನ ವಿದ್ಯೆಯನ್ನು 'ಛೋಯ್4-ಸೋ1-ಹೋಕ್6-ಛೀನ್2' (ಅಲ್ಪ ಪ್ರತಿಭೆ, ಮೇಲುಮೇಲಿನ ಓದು) ಎಂದು ತಗ್ಗಿಸಿ ಹೇಳುವುದು ಭಾಷಣಕಾರರ ಸಂಪ್ರದಾಯ. ಇಂಥ ವಿನಯದ ನುಡಿಗಟ್ಟುಗಳನ್ನು ತನಗೆ ಮಾತ್ರ ಹೇಳಿಕೊಳ್ಳಬೇಕು. ತನ್ನ ಮಾತು ಇಟ್ಟಿಗೆ, ಮುಂದೆ ಬರುವ ಇತರರ ಮಾತು ಪಚ್ಚೆ ಎಂಬರ್ಥದ 'ಫಾವ್1-ಚ್ಯೂನ್1-ಯನ್5-ಯುಕ್6' ಅನ್ನು ಇನ್ನೊಬ್ಬರ ಭಾಷಣಕ್ಕೆ ಅನ್ವಯಿಸಿದರೆ ಅವರ ಮಾತನ್ನು ಇಟ್ಟಿಗೆ ಎಂದಂತಾಗುತ್ತದೆ.

ಕಲಿಕೆ

ಹಾಂಗ್‌ಕಾಂಗ್‌ನ ಮಕ್ಕಳು ನುಡಿಗಟ್ಟುಗಳನ್ನು ಪ್ರಾಥಮಿಕ ಶಾಲೆಯಲ್ಲೇ ಕಥೆಗಳೊಂದಿಗೆ ಕಲಿಯುತ್ತಾರೆ. ಓದು ಬಾರದ ಹಿಂದಿನ ತಲೆಮಾರುಗಳಿಗೆ ಇವು ತಲುಪಿದ್ದು ಕಿವಿಯ ಮೂಲಕ. ಅರೆಗ್ರಾಂಥಿಕ ಭಾಷೆಯ ಕ್ಯಾಂಟನೀಸ್ ಗೀತನಾಟಕ ಅದರಲ್ಲಿ ಮುಖ್ಯ. ಯುನೆಸ್ಕೊ ಇದನ್ನು 2009ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆಮೇಲೆ ಐತಿಹಾಸಿಕ ಮತ್ತು ಸಮರಕಲೆಯ ಟೆಲಿವಿಷನ್ ಧಾರಾವಾಹಿಗಳು ಅದೇ ಕೆಲಸ ಮಾಡಿದವು. ಹೆಸರಾಂತ ವೀರನನ್ನು ಭೇಟಿಯಾದಾಗ ಅವುಗಳ ಪಾತ್ರಗಳು ಹೇಳುವ 'ಯೂ4-ಲೊಯ್4-ಕೂನ್3-ಯೀ5' (ನಿಮ್ಮ ಹೆಸರು ಗುಡುಗಿನಂತೆ ಕಿವಿ ತುಂಬಿದೆ) ಜನಸಾಮಾನ್ಯರಿಗೆಲ್ಲ ಗೊತ್ತು.

ವಿದೇಶೀಯರಿಗೆ ಕ್ಯಾಂಟನೀಸ್ ಕಲಿಸುವ ವ್ಯವಸ್ಥಿತ ಪಾಠಗಳಲ್ಲಿ ಹಾಂಗ್‌ಕಾಂಗ್ ಚೀನೀ ವಿಶ್ವವಿದ್ಯಾಲಯದ ಯೇಲ್–ಚೈನಾ ಭಾಷಾ ಕೇಂದ್ರ (ಸ್ಥಾಪನೆ 1963) ಹಳೆಯದು. ಆಡುಮಾತು ಬಂದಮೇಲೆ ಔಪಚಾರಿಕ ಭಾಷಣದ ಹಂತದಲ್ಲಿ ನುಡಿಗಟ್ಟುಗಳನ್ನು ತರುವುದು ಸಾಮಾನ್ಯ ಕ್ರಮ. ಪ್ರತಿ ನುಡಿಗಟ್ಟಿಗೂ ಕಲಿಯುವವರು ಓದಿನ ಉಚ್ಚಾರ, ಅಕ್ಷರಶಃ ಅರ್ಥ, ರೂಢಿಯ ಅರ್ಥ ಮತ್ತು ಅದು ಸಲ್ಲುವ ವ್ಯಕ್ತಿಯನ್ನು ಒಟ್ಟಿಗೆ ಗುರುತಿಟ್ಟುಕೊಳ್ಳಬೇಕಾಗುತ್ತದೆ. ಬಿಡಿ ಅಕ್ಷರಗಳ ಉಚ್ಚಾರವನ್ನು ಪರೀಕ್ಷಿಸಲು ಅದೇ ವಿಶ್ವವಿದ್ಯಾಲಯದ ಅಂತರಜಾಲ ಅಕ್ಷರಕೋಶ ನೆರವಾಗುತ್ತದೆ.

ಅಕ್ಷರಶಃ ಅರ್ಥವನ್ನಷ್ಟೇ ನಂಬಿದವರು ಮೋಸಹೋಗುವ ನುಡಿಗಟ್ಟುಗಳಿವೆ. 'ಹೋವ್3-ವಯ್4-ಯನ್4-ಸೀ1' (ಜನರಿಗೆ ಗುರುವಾಗಲು ಇಷ್ಟಪಡುವವ) ಅಧ್ಯಾಪಕರಿಗೆ ಹೊಗಳಿಕೆಯಂತೆ ಕಂಡರೂ ಮೆನ್ಸಿಯಸ್‌ನ ಕಾಲದಿಂದಲೂ ಅದು ತೆಗಳಿಕೆಯೇ. ಕೇಳದವರಿಗೂ ಬುದ್ಧಿ ಹೇಳುವ ಚಟವನ್ನು ಅದು ಸೂಚಿಸುತ್ತದೆ. 'ತೋವ್6-ಮಾವ್6-ಙೋನ್6-ಯೀನ್4' ಒಂದು ಕಾಲದಲ್ಲಿ ಗಂಭೀರ ಮುಖಭಾವದ ಹೊಗಳಿಕೆಯಾಗಿತ್ತು. ಇಂದು ಸಾಧುತನದ ಸೋಗು ಎಂದೇ ಅರ್ಥ.

ಇಂದಿನ ಸ್ಥಿತಿ

2021ರ ಜನಗಣತಿಯಂತೆ ಹಾಂಗ್‌ಕಾಂಗ್‌ನಲ್ಲಿ 5 ವರ್ಷ ತುಂಬಿದವರ ಪೈಕಿ ಶೇ. 88.2 ಮಂದಿಯ ನಿತ್ಯಭಾಷೆ ಕ್ಯಾಂಟನೀಸ್. 1997ರ ನಂತರ ಅಲ್ಲಿ ಎರಡು ಬರಹ (ಚೀನೀ, ಇಂಗ್ಲಿಷ್), ಮೂರು ಮಾತು (ಕ್ಯಾಂಟನೀಸ್, ಮ್ಯಾಂಡರಿನ್, ಇಂಗ್ಲಿಷ್) ಎಂಬ ಭಾಷಾನೀತಿ ಜಾರಿಯಲ್ಲಿದೆ. ಚೀನೀ ಭಾಷಾ ಪಾಠವನ್ನು ಮ್ಯಾಂಡರಿನ್‌ನಲ್ಲಿ ಕಲಿಸುವ ಶಾಲೆಗಳಿಗೆ ನೆರವಿನ ಯೋಜನೆಯೊಂದು 2008ರಲ್ಲಿ ಆರಂಭವಾಯಿತು. ಅಂಥ ಶಾಲೆಗಳ ಮಕ್ಕಳು ನುಡಿಗಟ್ಟುಗಳನ್ನು ಮೊದಲು ಮ್ಯಾಂಡರಿನ್ ಉಚ್ಚಾರದಲ್ಲಿ ಕಲಿತು ಅನಂತರ ಕ್ಯಾಂಟನೀಸ್ ಓದಿಗೆ ಹೊಂದಿಸಿಕೊಳ್ಳುತ್ತಾರೆ. ಶಾಲೆಯ ಭಾಷೆ ಮ್ಯಾಂಡರಿನ್ ಆಗಿರುವ ಗ್ವಾಂಗ್‌ಡಾಂಗ್‌ನಲ್ಲಿ ಇದು ಎಲ್ಲ ಕಡೆಯೂ ಕಾಣುವ ಸ್ಥಿತಿ. ಅಲ್ಲಿನ ಎಳೆಯರು ಮನೆಯಲ್ಲಿ ಕ್ಯಾಂಟನೀಸ್ ಮಾತನಾಡಿದರೂ ನಾಲ್ಕಕ್ಷರದ ನುಡಿಗಟ್ಟು ಬಂದಾಗ ಮ್ಯಾಂಡರಿನ್‌ಗೆ ಹೊರಳುವುದುಂಟು.

ಹೆಣ್ಣಿನ ರೂಪವನ್ನು ಹೊಗಳುವ ನುಡಿಗಟ್ಟುಗಳು ಸಾರ್ವಜನಿಕ ಬರಹದಲ್ಲಿ ಕಡಿಮೆಯಾಗಿವೆ. ಗಂಡಿಗೆ ಪ್ರತಿಭೆ, ಹೆಣ್ಣಿಗೆ ಚೆಲುವು ಎಂದು ಹಂಚುವ 'ಲೋಙ್4-ಛೋಯ್4-ನೊಯ್5-ಮಾವ್6' ಮದುವೆಯ ಮಾತುಗಳಲ್ಲಿ ಉಳಿದಿದ್ದರೂ ಅದರ ಬದಲು 'ಥೀನ್1-ಚೋಕ್3-ಚೀ1-ಹಪ್6' ಆಯ್ದುಕೊಳ್ಳುವವರಿದ್ದಾರೆ.

ವ್ಯಾಂಕೂವರ್, ಟೊರಾಂಟೊ, ಸ್ಯಾನ್ ಫ್ರಾನ್ಸಿಸ್ಕೊ, ಸಿಡ್ನಿಗಳ ಎರಡನೆಯ ತಲೆಮಾರಿನವರಲ್ಲಿ ಅನೇಕರು ಮನೆಮಾತನ್ನು ಸರಾಗವಾಗಿ ಆಡುತ್ತಾರೆ. ಆದರೆ ಅಕ್ಷರಗಳನ್ನು ಕ್ಯಾಂಟನೀಸಿನಲ್ಲಿ ಓದಿ ಕಲಿಯುವ ಅವಕಾಶ ಸಿಗದ್ದರಿಂದ ಓದಿನ ಉಚ್ಚಾರ ಅವರಿಗೆ ಹೊಸದು. ವಾರಾಂತ್ಯದ ಚೀನೀ ಶಾಲೆಗಳಲ್ಲಿ ಬಹಳಷ್ಟು ಮ್ಯಾಂಡರಿನ್‌ಗೆ ಬದಲಾಗಿವೆ. ಅಜ್ಜ ಅಜ್ಜಿಯರ ಹುಟ್ಟುಹಬ್ಬ, ಮದುವೆ, ಅಂತ್ಯಕ್ರಿಯೆಗಳಲ್ಲಿ ಎದ್ದುನಿಂತು ನಾಲ್ಕು ಮಾತಾಡಬೇಕಾಗಿ ಬಂದಾಗ ಇವರು ಔಪಚಾರಿಕ ನುಡಿಗಟ್ಟುಗಳನ್ನು ವಯಸ್ಕರಾದ ಮೇಲೆ ಪ್ರತ್ಯೇಕವಾಗಿ ಕಲಿಯತೊಡಗುತ್ತಾರೆ.